ಒಂದೇ ಹೆಸರಿಗೆ ಎರಡು ಕಂಪ್ಯೂಟರ್: ಜಗಳ ಬಿಡಿಸುವ ಸೂತ್ರಗಳು

1. ಹೆಸರು ಬದಲಿಸಲು ಓಡಬೇಡಿ. ನೆಟ್‌ವರ್ಕ್‌ನಲ್ಲಿ ಅದೇ ಹೆಸರು ಇನ್ನೊಂದಿದೆ ಎಂಬ ಎಚ್ಚರಿಕೆ ಕಂಡೊಡನೆ ವಿಂಡೋಸ್ ಸರ್ವರ್‌ಗೆ ಹೊಸ ಹೆಸರಿಟ್ಟರೆ, ಹಳೆಯದನ್ನೇ ನಂಬಿದ್ದ ಶೇರ್ ಫೋಲ್ಡರ್, ಪ್ರಿಂಟರ್, ಡೇಟಾಬೇಸ್ ಎಲ್ಲವೂ ಒಟ್ಟಿಗೆ ಕೈಕೊಡುತ್ತವೆ. ಮೊದಲು ಎದುರಾಳಿ ಯಾರೆಂದು ಪತ್ತೆ ಮಾಡಿ.

2. ಈವೆಂಟ್ ವ್ಯೂವರ್‌ನಲ್ಲಿ 4319 ಸಂಖ್ಯೆ ಹುಡುಕಿ. ಅದರ ಡೇಟಾ ಭಾಗದಲ್ಲೇ ಎದುರಾಳಿಯ ಐಪಿ ವಿಳಾಸ ಹೆಕ್ಸ್ ರೂಪದಲ್ಲಿರುತ್ತದೆ. ‘ಎನ್‌ಬಿಟಿಸ್ಟಾಟ್ -ಎನ್’ ಕೊಟ್ಟರೆ ಯಾವ ಹೆಸರಿನ ಮುಂದೆ ‘ಕಾನ್‌ಫ್ಲಿಕ್ಟ್’ ಎಂದಿದೆ ಎಂಬುದು ತಿಳಿಯುತ್ತದೆ. ಅದೇ ಕಮಾಂಡನ್ನು ದೊಡ್ಡಕ್ಷರದ ‘-ಎ’ ಮತ್ತು ಆ ಐಪಿಯೊಂದಿಗೆ ಕೊಡಿ. ಮ್ಯಾಕ್ ವಿಳಾಸ ಸಿಗುತ್ತದೆ. ಅದು 00-15-5ಡಿ ಎಂದು ಶುರುವಾದರೆ ಕೇಬಲ್ ಹಿಡಿದು ಅಲೆಯಬೇಡಿ, ಅದು ಹೈಪರ್-ವಿ ವರ್ಚುವಲ್ ಯಂತ್ರ. ಇಲ್ಲದಿದ್ದರೆ ಸ್ವಿಚ್‌ನ ಮ್ಯಾಕ್ ಪಟ್ಟಿ ನೋಡಿ, ಪೋರ್ಟ್ ಗೊತ್ತಾಗುತ್ತದೆ.

3. ಎದುರಾಳಿ ಅದೇ ಸರ್ವರ್ ಆಗಿರಲೂಬಹುದು! ಎರಡು ನೆಟ್‌ವರ್ಕ್ ಕಾರ್ಡ್ ಒಂದೇ ಸಬ್‌ನೆಟ್‌ನಲ್ಲಿದ್ದರೆ ಒಂದರಲ್ಲಿ ನೆಟ್‌ಬಯೋಸ್ ನಿಷ್ಕ್ರಿಯಗೊಳಿಸಿ.

4. ಅಕ್ಷರ ಎಣಿಸಿ. ನೆಟ್‌ಬಯೋಸ್ ಹೆಸರಿಗೆ 15 ಅಕ್ಷರವೇ ಮಿತಿ. ಇಂಗ್ಲಿಷಿನಲ್ಲಿ ‘ಬೆಂಗಳೂರು-ಅಕೌಂಟ್ಸ್-01’, ‘-02’ ಎಂದಿಟ್ಟರೆ ಕೊನೆಯ ಅಂಕಿಗಳು ಕತ್ತರಿಸಿಹೋಗಿ ಎರಡೂ ಒಂದೇ ಆಗುತ್ತವೆ. ಅಂಕಿ ಮುಂದಿಡಿ, ಊರಿನ ಹೆಸರು ಮೊಟಕುಗೊಳಿಸಿ.

5. ಡೊಮೇನ್‌ನಲ್ಲಿ ಎಚ್ಚರಿಕೆಯ ಸಂದೇಶವನ್ನು ಕಾಯುತ್ತ ಕೂರಬೇಡಿ. ಹೊಸ ಯಂತ್ರ ಹಳೆಯ ಹೆಸರಿನಲ್ಲಿ ಸೇರಿದರೆ ಆಕ್ಟಿವ್ ಡೈರೆಕ್ಟರಿ ಖಾತೆಯ ಪಾಸ್‌ವರ್ಡ್ ಸದ್ದಿಲ್ಲದೆ ಬದಲಾಗುತ್ತದೆ; ಹಳೆಯ ಯಂತ್ರ ‘ಟ್ರಸ್ಟ್ ರಿಲೇಷನ್‌ಶಿಪ್’ ಮುರಿಯಿತೆಂದು ಲಾಗಿನ್ ನಿಲ್ಲಿಸುತ್ತದೆ. ಹಳೆಯದನ್ನಷ್ಟೇ ರಿಪೇರಿ ಮಾಡಿದರೆ ಹೊಸದು ಹೊರಬೀಳುತ್ತದೆ. ಹಾಗಾಗಿ ಹೊಸದನ್ನು ವರ್ಕ್‌ಗ್ರೂಪ್‌ಗೆ ಇಳಿಸಿ, ಬೇರೆ ಹೆಸರಿಟ್ಟು ಮತ್ತೆ ಸೇರಿಸಿ. ಈ ಓಡಾಟದಲ್ಲಿ ಹಳೆಯ ಖಾತೆ ನಿಷ್ಕ್ರಿಯವಾಗಿರಬಹುದು. ಅದನ್ನು ಸಕ್ರಿಯಗೊಳಿಸಿ, ಆಮೇಲೆ ಹಳೆಯ ಯಂತ್ರದ ರಿಪೇರಿಗೆ ಕೈಹಾಕಿ. 2022ರ ಅಕ್ಟೋಬರ್ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಹೀಗೆ ಖಾತೆ ಮರುಬಳಸುವುದಕ್ಕೆ ಕಡಿವಾಣ ಹಾಕಿದೆ. ಕಿರಿಕಿರಿ ಎನಿಸಿದರೂ ಅದು ಬೇಕಿದ್ದ ಕಡಿವಾಣವೇ.

6. ವರ್ಚುವಲ್ ಯಂತ್ರ ನಕಲು ಮಾಡುವ ಮುನ್ನ ಮೂಲದಲ್ಲಿ ಸಿಸ್‌ಪ್ರೆಪ್ ಜನರಲೈಸ್ ಓಡಿಸಿ. ನಕಲಿಗೆ ಮೊದಲು ಹೆಸರು, ಆಮೇಲೆ ನೆಟ್‌ವರ್ಕ್.

7. ಇಷ್ಟೆಲ್ಲ ನೋಡಿದರೂ ಎರಡನೇ ಯಂತ್ರ ಸಿಗದಿದ್ದರೆ ಡಿಎನ್‌ಎಸ್ ಅಲಿಯಾಸ್ ಪರಿಶೀಲಿಸಿ. ಹಳೆಯ ವಿಂಡೋಸ್ ಸರ್ವರ್‌ಗಳು ಅಲಿಯಾಸ್ ಹೆಸರಿನಲ್ಲಿ ಶೇರ್ ತೆರೆದಾಗಲೂ ಇದೇ ದೂರು, ಅಂದರೆ ದೋಷ 52, ಕೊಡುತ್ತವೆ. ನೆಟ್‌ಡಮ್ ಮೂಲಕ ಆ ಅಲಿಯಾಸನ್ನು ಸರ್ವರ್‌ನ ಹೆಚ್ಚುವರಿ ಹೆಸರಾಗಿ ಸೇರಿಸಿ, ರೀಬೂಟ್ ಮಾಡಿ.