ಗ್ರಾಹಕರ ಮನೆಯ ಸೀಲಿಂಗಿಗೆ ಹಾನಿಯಾದಾಗ: ಗುತ್ತಿಗೆದಾರರ ಹೊಣೆ ಮತ್ತು ದುರಸ್ತಿಯ ಕ್ರಮ

ಮಳೆಗಾಲಕ್ಕೆ ಮುನ್ನ ಶಿವಮೊಗ್ಗ ನಗರದ ಹಂಚಿನ ಮನೆಗಳಲ್ಲಿ ಒಡೆದ ಹಂಚುಗಳನ್ನು ಬದಲಿಸುವ ಕೆಲಸ ಭರದಿಂದ ಸಾಗುತ್ತದೆ. ಹಿಂದೆ ಇಂತಹ ಮಾಡಿನ ಕೆಳಗೆ ಮರದ ಹಲಗೆಯ ಮುಚ್ಚಿಗೆ ಇರುತ್ತಿದ್ದುದುಂಟು. ಕೆಲಸಗಾರನ ಕಾಲು ತಪ್ಪಿದರೂ ಅದು ತಡೆದುಕೊಳ್ಳುತ್ತಿತ್ತು. ಈಗ ಹಲವೆಡೆ ಆ ಸ್ಥಾನಕ್ಕೆ ಜಿಪ್ಸಂ ಬೋರ್ಡಿನ ಸೀಲಿಂಗ್ ಬಂದಿದೆ. ಸಾಮಾನ್ಯವಾಗಿ 12.5 ಮಿಲಿಮೀಟರ್ ದಪ್ಪದ ಈ ಬೋರ್ಡು ಮನುಷ್ಯನ ಭಾರವನ್ನು ಹೊರಲಾರದು.

ವಿನೋಬನಗರದ ಅಂತಹ ಒಂದು ಮನೆಯನ್ನು ಉದಾಹರಣೆಯಾಗಿ ಭಾವಿಸಬಹುದು. ಹಂಚು ಬದಲಿಸಲು ಏರಿದ ಕೆಲಸಗಾರನು ಪಕಾಸಿಯ ಮೇಲೆ ಇಡಬೇಕಾದ ಕಾಲನ್ನು ಬೋರ್ಡಿನ ಮೇಲೆ ಇಟ್ಟನು. ನಡುಮನೆಯ ಸೀಲಿಂಗಿನಲ್ಲಿ ಒಂದು ಅಡಿ ಅಗಲದ ತೂತು ಬಿದ್ದಿತು. ಮನೆಯವರು ಊರಿನಲ್ಲಿಲ್ಲ, ಕೀಲಿಕೈ ಗುತ್ತಿಗೆದಾರರ ಬಳಿ ಇದೆ. ಸಂಜೆಯೊಳಗೆ ತುಂಡೊಂದನ್ನು ಅಂಟಿಸಿ ಬಣ್ಣ ಬಳಿದುಬಿಟ್ಟರೆ ಯಾರಿಗೂ ತಿಳಿಯದು ಎಂಬ ಆಲೋಚನೆ ಇಲ್ಲಿ ಸಹಜವಾಗಿಯೇ ಮೂಡುತ್ತದೆ. ನಷ್ಟದ ದಾರಿ ಆರಂಭವಾಗುವುದೂ ಅಲ್ಲಿಂದಲೇ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸೇವಾ ನ್ಯೂನತೆಗೆ ನೀಡಿರುವ ವ್ಯಾಖ್ಯೆಯಲ್ಲಿ, ಗ್ರಾಹಕರಿಗೆ ನಷ್ಟವುಂಟುಮಾಡುವ ನಿರ್ಲಕ್ಷ್ಯದ ಜೊತೆಗೆ, ಸಂಬಂಧಪಟ್ಟ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ಸೇರಿದೆ. ಅಂದರೆ ಮುಚ್ಚಿಟ್ಟ ಹಾನಿಯು ಒಂದರ ಬದಲು ಎರಡು ಆಕ್ಷೇಪಗಳಿಗೆ ಎಡೆಮಾಡಿಕೊಡುತ್ತದೆ. ದೂರು ಸಲ್ಲಿಸಲು ಎರಡು ವರ್ಷಗಳ ಕಾಲಾವಕಾಶವಿದ್ದು, ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಅದನ್ನು ದಾಖಲಿಸಬಹುದು. ಇತ್ತ 1872ರ ಭಾರತೀಯ ಕರಾರು ಕಾಯಿದೆಯ 73ನೆಯ ಕಲಮಿನಂತೆ, ಕರಾರು ಭಂಗದಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಪರಿಹಾರ ಸಲ್ಲುತ್ತದೆಯೇ ಹೊರತು ದೂರದ, ಪರೋಕ್ಷ ನಷ್ಟಕ್ಕಲ್ಲ. ಒಡೆದ ಬೋರ್ಡು, ಅದರ ಬಣ್ಣ, ಕೆಳಗಿದ್ದ ಸೋಫಾದ ಮೇಲೆ ಬಿದ್ದ ಧೂಳಿನ ಶುಚಿಗೊಳಿಸುವಿಕೆ ಇವು ಸಹಜ ನಷ್ಟಗಳು. ಇದೇ ನೆಪದಲ್ಲಿ ಇಡೀ ಮನೆಗೆ ಹೊಸ ಸೀಲಿಂಗ್ ಬೇಕೆಂಬ ಬೇಡಿಕೆಯು ಹಾಗಲ್ಲ.

ಆದ್ದರಿಂದ ಮೊದಲ ಕೆಲಸ ದೂರವಾಣಿ ಕರೆ. ಹಾನಿಯ ಛಾಯಾಚಿತ್ರಗಳನ್ನು ತೆಗೆದು, ಏನಾಯಿತು, ಯಾವ ದಿನದೊಳಗೆ ಯಾರ ಖರ್ಚಿನಲ್ಲಿ ಸರಿಪಡಿಸಲಾಗುವುದು ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದು ಕಳುಹಿಸುವುದು ಲೇಸು. ಕೆಲಸ ಆರಂಭಿಸುವ ಮುನ್ನವೇ ಕೋಣೆಯ ಚಿತ್ರಗಳನ್ನು ತೆಗೆದಿಟ್ಟುಕೊಂಡವರಿಗೆ ಹಳೆಯ ಬಿರುಕುಗಳ ಬಗೆಗೆ ವಾದ ಮಾಡುವ ಪ್ರಮೇಯ ಬರುವುದಿಲ್ಲ. ವಿಮಾ ಪಾಲಿಸಿ ಇದ್ದಲ್ಲಿ ದುರಸ್ತಿಗೆ ಮೊದಲೇ ಕಂಪನಿಗೆ ತಿಳಿಸಬೇಕು. ಕೆಲಸ ನಡೆಯುತ್ತಿರುವ ಆಸ್ತಿಗೇ ಆದ ಹಾನಿಯನ್ನು ಹೊರಗಿಡುವ ಷರತ್ತು ಅನೇಕ ಪಾಲಿಸಿಗಳಲ್ಲಿ ಇರುವುದರಿಂದ ಅದನ್ನು ಓದಿ ನೋಡುವುದು ಅಗತ್ಯ.

ಕೆಲಸಗಾರನ ಕೂಲಿಯಲ್ಲಿ ಖರ್ಚನ್ನು ಮುರಿದುಕೊಳ್ಳುವ ರೂಢಿ ಕೆಲವೆಡೆ ಇದೆ. ಹಾನಿಗಾಗಿ ವೇತನ ಕಡಿತಕ್ಕೆ ಕಾನೂನು ಅವಕಾಶ ನೀಡುವುದು ಮುಖ್ಯವಾಗಿ ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತುಗಳ ವಿಷಯದಲ್ಲಿ, ಅದೂ ಅವನ ವಿವರಣೆ ಕೇಳಿದ ನಂತರ. ಗ್ರಾಹಕರ ಮನೆಯ ಸೀಲಿಂಗ್ ಆ ವರ್ಗಕ್ಕೆ ಸೇರುತ್ತದೆನ್ನುವುದು ಕಷ್ಟ. ಕಾನೂನು ಹಾಗಿರಲಿ, ಕೂಲಿ ಕಡಿತಕ್ಕೆ ಅಂಜಿದವನು ಮುಂದಿನ ಸಲ ಮಾಲೀಕರಿಗೂ ಹೇಳದೆ ತೂತು ಮುಚ್ಚಿಬಿಡುತ್ತಾನೆ.

ಇನ್ನು ದುರಸ್ತಿ. ಮೊದಲು ಆ ಕೋಣೆಯ ವಿದ್ಯುತ್ ಸಂಪರ್ಕವನ್ನು ಕಡಿದು, ಸಾಮಾನುಗಳಿಗೆ ಹೊದಿಕೆ ಹಾಕಬೇಕು. ತೂತಿನೊಳಗಿಂದ ವೈರುಗಳನ್ನೂ, ಬೋರ್ಡನ್ನು ಹೊತ್ತಿರುವ ಲೋಹದ ಚಾನೆಲ್‌ಗಳನ್ನೂ ಪರೀಕ್ಷಿಸಬೇಕು. ಚಾನೆಲ್ ಬಾಗಿದ್ದರೆ ಅದನ್ನು ಬದಲಿಸದೆ ಮೇಲೆ ಎಷ್ಟೇ ನಯವಾಗಿ ತೇಪೆ ಹಾಕಿದರೂ ಸೀಲಿಂಗ್ ಜೋತುಬೀಳುತ್ತದೆ. ಒಡೆದ ಅಂಚನ್ನು ಹಾಗೆಯೇ ತುಂಬುವುದು ಸಾಮಾನ್ಯ ತಪ್ಪು. ತೂತಿನ ಸುತ್ತ ಗಟ್ಟಿ ಭಾಗದವರೆಗೆ ಚೌಕವಾಗಿ ಕತ್ತರಿಸಿ, ಅಂಚುಗಳ ಹಿಂದೆ ಚಾನೆಲ್ ಇಲ್ಲದೆಡೆ ಹೊಸ ಆಧಾರಪಟ್ಟಿ ಕೊಟ್ಟು, ಅದೇ ದಪ್ಪದ ತುಂಡನ್ನು ತಿರುಪುಗಳಿಂದ ಬಿಗಿಯಬೇಕು. ತಿರುಪಿನ ತಲೆ ಕಾಗದದ ಮೈಯನ್ನು ಹರಿಯದಂತೆ ತುಸುವೇ ಒಳಗಿಳಿಯಬೇಕು. ಜೋಡಣೆಯ ಮೇಲೆ ಕಾಗದದ ಟೇಪು ಹಾಕಿ, ಜಾಯಿಂಟ್ ಕಾಂಪೌಂಡನ್ನು ಪ್ರತಿ ಸಲವೂ ಹಿಂದಿನದಕ್ಕಿಂತ ಅಗಲವಾಗಿ ಎರಡು ಮೂರು ಬಾರಿ ಎಳೆಯಬೇಕು. ಮಲೆನಾಡಿನ ಮಳೆಯ ದಿನಗಳಲ್ಲಿ ಒಂದು ಪದರ ಒಣಗಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯಬಹುದು. ಗಡಿಬಿಡಿಯಲ್ಲಿ ಹಸಿ ಪದರದ ಮೇಲೆ ಬಳಿದ ಬಣ್ಣ ಗುಳ್ಳೆಯೇಳುತ್ತದೆ.

ಬಣ್ಣದ ವಿಷಯದಲ್ಲಿ ಉಳಿತಾಯ ಸಲ್ಲದು. ತೇಪೆಯಷ್ಟಕ್ಕೇ ಬಣ್ಣ ಬಳಿದರೆ, ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಅದು ಮಚ್ಚೆಯಂತೆ ಕಾಣುತ್ತದೆ. ಪ್ರೈಮರ್ ಹಚ್ಚಿದ ಮೇಲೆ ಆ ಕೋಣೆಯ ಸೀಲಿಂಗಿಗೆ ಅಂಚಿನಿಂದ ಅಂಚಿನವರೆಗೆ ಬಣ್ಣ ಕೊಡಬೇಕು. ಈ ಹೆಚ್ಚುವರಿ ಖರ್ಚು ತಡೆಹಿಡಿದ ಬಾಕಿ ಬಿಲ್ಲಿಗಿಂತ ಬಹುಪಾಲು ಕಡಿಮೆಯೇ ಆಗಿರುತ್ತದೆ.

ಕೆಲಸ ಮುಗಿದ ಬಳಿಕ ಗ್ರಾಹಕರೊಡನೆ ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆಯ ಸಹಿ ಪಡೆಯುವುದು ವಾಡಿಕೆ. ಹಂಚಿನ ಮನೆಯಾದರೆ ಮೊದಲ ಜೋರು ಮಳೆಯ ಮರುದಿನ ಇನ್ನೊಮ್ಮೆ ಹೋಗಿ ನೋಡಿಬರುವುದು ಒಳ್ಳೆಯದು. ಹೊಸ ತೇಪೆಯ ಸುತ್ತ ಕಂದು ಕಲೆ ಕಂಡರೆ ದೋಷ ಜಿಪ್ಸಂನಲ್ಲಿಲ್ಲ, ಮೇಲಿನ ಹಂಚಿನಲ್ಲಿ ಹುಡುಕಬೇಕು.