ವೇಷದ ವಯಸ್ಸು: ಎಮಿನೆಮ್‌ನ ‘ಸ್ಲಿಮ್ ಶೇಡಿ’ ಮತ್ತು ಉತ್ತರ ಕನ್ನಡದ ಅರ್ಥಧಾರಿ

ರ‍್ಯಾಪ್ ಕುರಿತು ಕನ್ನಡದಲ್ಲಿ ಚರ್ಚೆ ನಡೆದಾಗಲೆಲ್ಲ ಅದನ್ನು ದೇಶಿ ಪ್ರಕಾರವೊಂದರ ಜೊತೆ ಸಮೀಕರಿಸುವ ರೂಢಿಯೊಂದು ಕಂಡುಬರುತ್ತದೆ. ಲಾವಣಿಯ ಸವಾಲ್-ಜವಾಬು, ಯಕ್ಷಗಾನದ ಮಾತುಗಾರಿಕೆ ಇವುಗಳಲ್ಲಿ ರ‍್ಯಾಪ್ ಮೊದಲೇ ಇತ್ತು ಎಂಬ ವಾದ ಕೇಳಲು ಹಿತವಾಗಿದೆ. ಈ ಸಾಮ್ಯ ಪೂರ್ತಿ ಸುಳ್ಳೂ ಅಲ್ಲ. ಎರಡೂ ಕಡೆ ಪ್ರತ್ಯುತ್ಪನ್ನಮತಿಗೆ ಬೆಲೆಯಿದೆ, ಎದುರಾಳಿ ಇದ್ದಾನೆ, ಮಾತಿನಲ್ಲಿ ಗೆಲ್ಲುವ ಹಟವಿದೆ. ಆದರೆ ಮಾತನಾಡುವ ‘ನಾನು’ ಯಾರು ಎಂಬ ಪ್ರಶ್ನೆಯನ್ನು ಈ ಸಮೀಕರಣ ಮರೆಸಿಬಿಡುತ್ತದೆ. ಕಲಾವಿದನಿಗೆ ವಯಸ್ಸಾದಾಗ ಈ ಪ್ರಶ್ನೆ ತೀವ್ರವಾಗುತ್ತದೆ.

2024ರ ಜುಲೈ 12ರಂದು ಅಮೆರಿಕದ ರ‍್ಯಾಪರ್ ಎಮಿನೆಮ್ ತನ್ನ ಹನ್ನೆರಡನೆಯ ಸ್ಟುಡಿಯೋ ಆಲ್ಬಂ ‘ದ ಡೆತ್ ಆಫ್ ಸ್ಲಿಮ್ ಶೇಡಿ’ಯನ್ನು ಹೊರತಂದ. ಆಗ ಅವನಿಗೆ 51 ವರ್ಷ. ಹುಟ್ಟುಹೆಸರು ಮಾರ್ಷಲ್ ಮ್ಯಾಥರ್ಸ್, ಕಲಾವಿದನಾಗಿ ಎಮಿನೆಮ್, ಅವನು ಕಟ್ಟಿದ ದುಷ್ಟ ವೇಷ ಸ್ಲಿಮ್ ಶೇಡಿ. ಯಕ್ಷಗಾನ ವಿಮರ್ಶೆಗೆ ಪರಿಚಿತವಾದ ವ್ಯಕ್ತಿ, ಕಲಾವಿದ, ಪಾತ್ರ ಎಂಬ ಮೂರು ಸ್ತರಗಳು ಇಲ್ಲಿಯೂ ಇವೆ. 1999, 2000 ಮತ್ತು 2002ರ ಅವನ ಮೂರು ಆಲ್ಬಂಗಳ ಹೆಸರುಗಳಲ್ಲಿ ಅನುಕ್ರಮವಾಗಿ ಸ್ಲಿಮ್ ಶೇಡಿ, ಮಾರ್ಷಲ್ ಮ್ಯಾಥರ್ಸ್, ಎಮಿನೆಮ್ ಕಾಣಿಸಿಕೊಂಡದ್ದು ಆಕಸ್ಮಿಕವೆನ್ನಲಾಗದು. ಸ್ತ್ರೀಯರನ್ನೂ ಸಲಿಂಗಿಗಳನ್ನೂ ಹೀನಾಯವಾಗಿ ನಿಂದಿಸುವ ಮಾತುಗಳನ್ನು ಆಡುವವನು ಸ್ಲಿಮ್ ಶೇಡಿ. ಆಕ್ಷೇಪ ಬಂದಾಗ ಎಮಿನೆಮ್ ವೇಷದ ಮರೆಗೆ ಸರಿದುಕೊಳ್ಳಬಹುದಾಗಿತ್ತು. ಈ ಅನುಕೂಲವೇ ಇಪ್ಪತ್ತೈದು ವರ್ಷಗಳ ನಂತರ ಆಲ್ಬಮ್ಮಿನ ವಸ್ತುವಾಗಿದೆ.

‘ಗಿಲ್ಟಿ ಕಾನ್ಷಿಯನ್ಸ್ 2’ ಎಂಬ ಹಾಡಿನಲ್ಲಿ ಎಮಿನೆಮ್ ಮತ್ತು ಸ್ಲಿಮ್ ಶೇಡಿ ಎದುರುಬದುರಾಗುತ್ತಾರೆ. 1999ರ ಮೊದಲ ‘ಗಿಲ್ಟಿ ಕಾನ್ಷಿಯನ್ಸ್’ನಲ್ಲಿ ಡಾ. ಡ್ರೆ ಒಳ್ಳೆಯ ಬುದ್ಧಿಯ ಪರವಾಗಿಯೂ ಸ್ಲಿಮ್ ಶೇಡಿ ಕೆಟ್ಟ ಬುದ್ಧಿಯ ಪರವಾಗಿಯೂ ವಾದಿಸಿದ್ದರು. ಎರಡನೆಯದರಲ್ಲಿ ವಾದಿ, ಪ್ರತಿವಾದಿ ಇಬ್ಬರೂ ಒಬ್ಬನೇ. ಕೊನೆಗೆ ಕಲಾವಿದ ವೇಷವನ್ನು ಗುಂಡಿಟ್ಟು ಕೊಲ್ಲುತ್ತಾನೆ. ಎಚ್ಚರವಾದಾಗ ಅದೆಲ್ಲ ಕನಸು ಎಂದು ತಿಳಿಯುತ್ತದೆ. ಈ ಕನಸಿನ ತಂತ್ರ ಸಂವಾದದ ತೂಕವನ್ನು ತಗ್ಗಿಸಿದೆ. ಅಷ್ಟೂ ಹೊತ್ತು ಕೇಳಿದ ನಿಂದೆಯ ಹೊಣೆಯನ್ನು ಯಾರ ಮೇಲೂ ಹೊರಿಸದೆ ಜಾರಿಕೊಳ್ಳಲು ಅದು ದಾರಿ ಮಾಡಿಕೊಡುತ್ತದೆ.

ಕುಮಟಾ ತಾಲೂಕಿನ ಮಿರ್ಜಾನದಿಂದ ಹೊನ್ನಾವರದ ಗುಣವಂತೆಯವರೆಗಿನ ಕರಾವಳಿಯಲ್ಲಿ ಇದೇ ಸಮಸ್ಯೆಗೆ ಬೇರೆ ಬಗೆಯ ಉತ್ತರವಿದೆ. ಅಘನಾಶಿನಿಯ ದಡದ ಮಿರ್ಜಾನ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದ ಕಾಳುಮೆಣಸಿನ ವ್ಯಾಪಾರದಿಂದ ಚರಿತ್ರೆಯಲ್ಲಿ ಹೆಸರಾದ ಊರು. ಅದರ ಸುತ್ತಲಿನ ಸೀಮೆ ಹೆಸರಾದದ್ದು ಬಡಗುತಿಟ್ಟಿನ ಯಕ್ಷಗಾನಕ್ಕೆ. ಈ ಚರ್ಚೆಗೆ ಬಯಲಾಟಕ್ಕಿಂತಲೂ ತಾಳಮದ್ದಳೆ ಹೆಚ್ಚು ಉಪಯುಕ್ತ. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಪಂಚೆ-ಶಲ್ಯದಲ್ಲಿ ಕುಳಿತ ಅರ್ಥಧಾರಿ ಆ ಪದ್ಯಕ್ಕೆ ಸ್ಥಳದಲ್ಲಿಯೇ ಅರ್ಥ ಕಟ್ಟುತ್ತಾನೆ. ವೇಷ ಸಿದ್ಧವಾಗುವುದು ಮಾತಿನಿಂದ ಮಾತ್ರ. ಈ ದೃಷ್ಟಿಯಿಂದ ರ‍್ಯಾಪರ್‌ಗೆ ಅರ್ಥಧಾರಿ ಹತ್ತಿರದವನು. ಆದರೆ ರ‍್ಯಾಪ್‌ನ ಮಾತು ತಾಳದೊಳಗೆ ಇರುತ್ತದೆ, ಅರ್ಥವಾದರೋ ತಾಳ ನಿಂತ ಮೇಲೆ ಆರಂಭವಾಗುವ ಗದ್ಯ. ಲಯದ ನೆಲೆಯಲ್ಲಿ ಇವೆರಡನ್ನೂ ಹೋಲಿಸುವವರು ಈ ಪ್ರಾಥಮಿಕ ಭೇದವನ್ನೇ ಗಮನಿಸಿದಂತಿಲ್ಲ.

ಇಂದು ಕರ್ಣನ ಅರ್ಥ ಹೇಳಿದವನು ನಾಳೆ ಕೃಷ್ಣನಾಗುತ್ತಾನೆ. ಕರ್ಣನ ‘ನಾನು’ ಯಾರೊಬ್ಬರ ಸ್ವತ್ತೂ ಅಲ್ಲ, ಅದು ಪ್ರಸಂಗದ ಸ್ವತ್ತು, ಪರಂಪರೆಯ ಸ್ವತ್ತು. ಆದ್ದರಿಂದ ಅರ್ಥಧಾರಿಗೆ ವಯಸ್ಸಾದರೂ ಕರ್ಣನಿಗೆ ವಯಸ್ಸಾಗುವುದಿಲ್ಲ. ಬಯಲಾಟದಲ್ಲಿಯೂ ಹೀಗೆಯೇ. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದಾಗ ಎಂಬತ್ತರ ಹತ್ತಿರದಲ್ಲಿದ್ದರು. 2017ರ ಅಕ್ಟೋಬರಿನಲ್ಲಿ ತೀರಿಕೊಂಡರು. ಭಸ್ಮಾಸುರ, ಕೀಚಕ, ದುಷ್ಟಬುದ್ಧಿ ಅವರಿಗೆ ಹೆಸರು ತಂದ ವೇಷಗಳು. ಇಳಿವಯಸ್ಸಿನಲ್ಲಿಯೂ ಅವರು ಕುಣಿದಾಗ ಪ್ರೇಕ್ಷಕ ಕಂಡದ್ದು ಮೋಹದಿಂದ ಉರಿಯುವ ತರುಣ ಅಸುರನನ್ನು. ಕೀಚಕನ ಕಾಮಕ್ಕೆ ಚಿಟ್ಟಾಣಿಯವರನ್ನು ಹೊಣೆಯಾಗಿಸುವ ಪ್ರಶ್ನೆ ಯಾರಿಗೂ ಹುಟ್ಟಲಿಲ್ಲ. ಕೀಚಕನಿಗೆ ಪ್ರಸಂಗದೊಳಗೆಯೇ ಭೀಮನ ಕೈಯಲ್ಲಿ ಮರಣವಿದೆ. ಆ ಮರಣವೇ ಅವನ ಮಾತಿಗೆ ನೈತಿಕ ಚೌಕಟ್ಟು.

ಸ್ಲಿಮ್ ಶೇಡಿಗೆ ಅಂಥ ಪ್ರಸಂಗವಿಲ್ಲ. ಅವನ ಸುತ್ತ ಕಥೆಯಿಲ್ಲ, ಎದುರಿಗೆ ಭೀಮನಿಲ್ಲ. ಕಲಾವಿದ ತಾನೇ ಭೀಮನಾಗಬೇಕು. ಒಬ್ಬನೇ ಕಟ್ಟಿದ ಈ ವೇಷವನ್ನು ಇನ್ನೊಬ್ಬನಿಗೆ ದಾಟಿಸಲೂ ಬರುವುದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ವೇಷಗಳು ಶಂಭು ಹೆಗಡೆಯವರಿಗೆ, ಅವರಿಂದ ಶಿವಾನಂದ ಹೆಗಡೆಯವರಿಗೆ ಸಂದವು; ಸ್ಲಿಮ್ ಶೇಡಿ ಮಾತ್ರ ಮ್ಯಾಥರ್ಸ್‌ನ ಜೊತೆಯಲ್ಲಿಯೇ ಮುದುಕನಾಗಬೇಕು, ಇಲ್ಲವೇ ಸಾಯಬೇಕು. ಆಲ್ಬಮ್ಮಿನ ಹೆಸರಿನಲ್ಲಿರುವ ಸಾವನ್ನು ಮಾರುಕಟ್ಟೆಯ ತಂತ್ರವೆಂದಷ್ಟೇ ನೋಡುವುದು ಈ ಕಾರಣದಿಂದ ಸರಿಯಾಗಲಾರದು. ಅದು ಪ್ರಕಾರದ ಒಳಗಿನ ಅನಿವಾರ್ಯತೆ. ವೇಷ ಕಳಚಿದ ‘ನಾನು’ ಕೊನೆಯ ‘ಸಮ್‌ಬಡಿ ಸೇವ್ ಮಿ’ ಹಾಡಿನಲ್ಲಿ ಕೇಳಿಸುತ್ತದೆ. ಮಾದಕವಸ್ತುಗಳ ಚಟದಿಂದ ತಾನು ಸತ್ತೇಹೋಗಿದ್ದರೆ ಎಂದು ಊಹಿಸಿಕೊಂಡು ಮಕ್ಕಳ ಕ್ಷಮೆ ಕೋರುವ ತಂದೆಯ ಮಾತದು. ಇಡೀ ಆಲ್ಬಮ್ಮಿನಲ್ಲಿ ನಿಲ್ಲುವಂಥದ್ದು ಇದೇ. ಸಮಕಾಲೀನರಾದ ಇತರ ಹಿರಿಯರು ಹಿಡಿದ ದಾರಿಯೂ ದೂರದ್ದಲ್ಲ: ಜೇ-ಜೀ 2017ರ ‘4:44’ರಲ್ಲಿ ದಾಂಪತ್ಯದ ತಪ್ಪನ್ನು ಒಪ್ಪಿಕೊಂಡ; ನಾಸ್ 2023ರಲ್ಲಿ ತನ್ನ ಐವತ್ತನೆಯ ಹುಟ್ಟುಹಬ್ಬದಂದೇ ‘ಮ್ಯಾಜಿಕ್ 3’ನ್ನು ಹೊರತಂದು ವಯಸ್ಸನ್ನೇ ಹೆಮ್ಮೆಯಾಗಿಸಿಕೊಂಡ.

ಕನ್ನಡ ರ‍್ಯಾಪ್ ಇನ್ನೂ ಈ ಘಟ್ಟವನ್ನು ತಲುಪಿಲ್ಲ. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರು ಜನಪ್ರಿಯರಾದದ್ದು 2010ರ ದಶಕದಲ್ಲಿ. ಇಲ್ಲಿ ಹಿರಿತನವೆಂದರೆ ಹತ್ತು-ಹದಿನೈದು ವರ್ಷಗಳ ಮಾತು. ಹೆಚ್ಚಿನವರ ರಂಗನಾಮಗಳು ಅಡ್ಡಹೆಸರುಗಳೇ ಹೊರತು ವೇಷಗಳಲ್ಲ. ಆದರೆ ‘ನಾನು’ವಿನ ಪ್ರಶ್ನೆ ಕನ್ನಡದಲ್ಲಿ ವ್ಯಾಕರಣದ ಮಟ್ಟದಲ್ಲಿಯೇ ಎದುರಾಗುತ್ತದೆ. ಕನ್ನಡ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ, ಕ್ರಿಯಾಪದ ಪುರುಷವಾಚಕ ಪ್ರತ್ಯಯದಲ್ಲಿ ಮುಗಿಯುತ್ತದೆ. ‘ಹೇಳ್ತೀನಿ’, ‘ಬರ್ತೀನಿ’, ‘ತೋರಿಸ್ತೀನಿ’ ಎಂಬಂಥ ರೂಪಗಳಲ್ಲಿ ಸಾಲಿನ ಕೊನೆಗೆ ಬಂದು ನಿಲ್ಲುವುದು ‘ನಾನು’ವೇ. ರ‍್ಯಾಪ್‌ನ ಅಂತ್ಯಪ್ರಾಸ ಬೀಳುವ ಜಾಗವೂ ಅದೇ. ಹಳಗನ್ನಡ ಛಂದಸ್ಸಿನಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ನಿಯತವಾಗಿದ್ದುದರಿಂದ ಸಾಲಿನ ಕೊನೆ ಸ್ವತಂತ್ರವಾಗಿತ್ತು. ಅಂತ್ಯಪ್ರಾಸವನ್ನೇ ನೆಚ್ಚಿದ ಕನ್ನಡ ರ‍್ಯಾಪರ್‌ಗೆ ಪ್ರತ್ಯಯಗಳು ಪುಕ್ಕಟೆಯಾಗಿ ಪ್ರಾಸ ಒದಗಿಸುತ್ತವೆ, ಜೊತೆಗೆ ಸಾಲುಸಾಲಿಗೂ ಉತ್ತಮಪುರುಷವನ್ನು ಅವನ ಮೇಲೆ ಹೇರುತ್ತವೆ. ತರುಣನ ಬಾಯಲ್ಲಿ ಇದು ಠೇಂಕಾರವಾಗಿ ಸಲ್ಲುತ್ತದೆ. ಐವತ್ತು ದಾಟಿದವನೊಬ್ಬ ಕನ್ನಡದಲ್ಲಿ ರ‍್ಯಾಪ್ ಆಲ್ಬಂ ಮಾಡುವ ಹೊತ್ತಿಗೆ ಪ್ರಾಸವನ್ನು ಸಾಲಿನ ಕೊನೆಯಿಂದ ಒಳಕ್ಕೆ ಸರಿಸಿಕೊಳ್ಳಬೇಕಾದೀತು, ಅಥವಾ ಅರ್ಥಧಾರಿಯಂತೆ ಇನ್ನೊಬ್ಬರ ‘ನಾನು’ವನ್ನು ಎರವಲು ಪಡೆಯಬೇಕಾದೀತು.