ಹಳೆಯ ಕಾರು, ಹೊಸ ಯಜಮಾನ: ಎಂಜಿನು ಕೈಕೊಡುವುದೇಕೆ?

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಬೆಂಗಳೂರಿನ ಗೃಹಸ್ಥರೊಬ್ಬರು ಹಲವು ವರ್ಷಗಳ ಉಳಿತಾಯವನ್ನು ವೆಚ್ಚಮಾಡಿ, ಹಳೆಯ ಕಾರುಗಳ ವ್ಯಾಪಾರಿಯಿಂದ ಒಂದು ಕಾರನ್ನು ಕೊಂಡರು. ಅದರ ಬಣ್ಣ ಹೊಳೆಯುತ್ತಿತ್ತು. ಕೀಲಿ ತಿರುಗಿಸಿದೊಡನೆ ಎಂಜಿನು ಚಾಲೂ ಆಗುತ್ತಿತ್ತು. ಮೂರು ವಾರಗಳ ಕಾಲ ಮನೆಗೂ ಕಚೇರಿಗೂ ನಡುವೆ ಅದು ಯಾವ ತಕರಾರೂ ಇಲ್ಲದೆ ಓಡಿತು. ನಾಲ್ಕನೆಯ ವಾರ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋಗಿ ಹಿಂದಿರುಗುವಾಗ, ಶಿರಾಡಿ ಘಟ್ಟದ ಏರಿನಲ್ಲಿ ಎಂಜಿನು ಕುಟ್ಟಿದಂತೆ ಸದ್ದುಮಾಡಿ ನಿಂತುಬಿಟ್ಟಿತು. ಮುಂದಿನ ಮುಚ್ಚಳವನ್ನೆತ್ತಿದರೆ ಬರೀ ಹಬೆ! ದುರಸ್ತಿಯ ವೆಚ್ಚ ಕಾರಿನ ಬೆಲೆಯ ಅರ್ಧದಷ್ಟಾದೀತೆಂದು ಮೆಕ್ಯಾನಿಕನು ತಿಳಿಸಿದನು. "ನಾನು ಕೊಟ್ಟಾಗ ಚೆನ್ನಾಗಿಯೇ ಇತ್ತಲ್ಲ, ಸ್ವಾಮಿ" ಎಂದು ವ್ಯಾಪಾರಿಯ ಉತ್ತರ.

ಇಂಥ ಪ್ರಸಂಗಗಳು ವಿರಳವಲ್ಲ. ಮೂರು ವಾರ ಸುಮ್ಮನಿದ್ದ ದೋಷವು ಒಂದೇ ಏರಿನಲ್ಲಿ ಹೊರಬಿದ್ದುದೇಕೆ? ಕೊಳ್ಳುವ ಮೊದಲೇ ಅದನ್ನು ಕಾಣುವುದು ಸಾಧ್ಯವಿತ್ತೆ? ಇವನ್ನು ಕ್ರಮವಾಗಿ ವಿವೇಚಿಸೋಣ.

ಎಣ್ಣೆಯ ಪೊರೆ

ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವ ಎಂಜಿನಿನಲ್ಲಿ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ 100 ಸಲ ಮೇಲಕ್ಕೋ ಕೆಳಕ್ಕೋ ಚಲಿಸುತ್ತದೆ. ಪ್ರತಿ ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಸಲ ಇಂಧನವು ಉರಿಯುತ್ತದೆ. ಹೀಗಿದ್ದೂ ಲೋಹಕ್ಕೆ ಲೋಹವು ತಗಲಿ ಸವೆದುಹೋಗದಿರುವುದಕ್ಕೆ ಕಾರಣ, ಅವುಗಳ ನಡುವೆ ಇರುವ ಎಣ್ಣೆಯ ತೆಳುವಾದ ಪೊರೆ.

ಈ ಪೊರೆಯ ಸಾಮರ್ಥ್ಯ ತಿಳಿದುಬಂದುದು ಬಹುಮಟ್ಟಿಗೆ ಆಕಸ್ಮಿಕವಾಗಿ. ಇಂಗ್ಲೆಂಡಿನ ಬೋಚಂಪ್ ಟವರ್ ಎಂಬ ಎಂಜಿನಿಯರು 1883ರ ಸುಮಾರಿಗೆ ರೈಲುಬಂಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಹೊಯ್ಯಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದಿದ್ದ ರಂಧ್ರದಿಂದ ಎಣ್ಣೆಯೇ ಉಕ್ಕಿ ಹೊರಬಂದಿತು. ಮರದ ಬೆಣೆಯನ್ನು ಜಡಿದರೆ ಆ ಬೆಣೆಯನ್ನೂ ಅದು ಹೊರಕ್ಕೆ ದೂಡಿತು. ತಿರುಗುವ ಅಚ್ಚು ತನ್ನೊಡನೆ ಎಣ್ಣೆಯನ್ನು ಇಕ್ಕಟ್ಟಾದ ಸಂದಿಗೆ ಎಳೆದೊಯ್ಯುತ್ತದೆ. ಅಲ್ಲಿ ಏಳುವ ಒತ್ತಡವೇ ಭಾರವನ್ನು ಎತ್ತಿಹಿಡಿಯುತ್ತದೆ. ಇದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ನಿರೂಪಿಸಿದನು.

ಆ ಸಿದ್ಧಾಂತದಿಂದ ನಮಗೆ ಉಪಯುಕ್ತವಾದ ಮಾತೊಂದು ದೊರೆಯುತ್ತದೆ. ಅಚ್ಚಿನ ವೇಗ ಹೆಚ್ಚಿದಷ್ಟೂ, ಎಣ್ಣೆ ಮಂದವಾಗಿದ್ದಷ್ಟೂ ಪೊರೆ ದಪ್ಪವಾಗುತ್ತದೆ. ಭಾರ ಹೆಚ್ಚಿದಷ್ಟೂ ತೆಳುವಾಗುತ್ತದೆ. ಘಟ್ಟದ ಏರಿನಲ್ಲಿ ಎಂಜಿನು ಹೊರುವ ಭಾರ ಹೆಚ್ಚು. ಕಾವಿನಿಂದ ಎಣ್ಣೆ ನೀರಾಗಿರುತ್ತದೆ. ಚಾಲಕನು ಗೇರನ್ನು ಇಳಿಸದಿದ್ದರೆ ವೇಗವೂ ಕಡಿಮೆ. ಮೂರು ಪ್ರತಿಕೂಲಗಳೂ ಅಲ್ಲಿ ಒಟ್ಟುಗೂಡುತ್ತವೆ. ಹಿಂದಿನ ಯಜಮಾನನು ಕಾಲಕಾಲಕ್ಕೆ ಎಣ್ಣೆಯನ್ನು ಬದಲಿಸದೆ ಇದ್ದಿದ್ದರೆ, ಅದು ಕಪ್ಪು ಜಿಡ್ಡಾಗಿ ಪಂಪಿನ ಬಾಯಿಯ ಜಾಲರಿಯನ್ನು ಕಟ್ಟಿರುತ್ತದೆ. ಬೇರಿಂಗಿನ ಸಂದಿಗಳು ಸವೆದು ಅಗಲವಾಗಿರುತ್ತವೆ. ಊರೊಳಗಿನ ಹಗುರವಾದ ಕೆಲಸಕ್ಕೆ ಸಾಕಾಗುತ್ತಿದ್ದ ಎಣ್ಣೆಯ ಒತ್ತಡವು ಏರಿನಲ್ಲಿ ಸಾಲದೆ ಹೋಗುತ್ತದೆ. ಪೊರೆ ಹರಿದೊಡನೆ ಲೋಹವು ಲೋಹವನ್ನು ಉಜ್ಜಿ, ಕಾದು, ಕಚ್ಚಿಕೊಳ್ಳುತ್ತದೆ.

ಉಷ್ಣದ ಲೆಕ್ಕ

ಎರಡನೆಯ ಕಾರಣ ಉಷ್ಣ. ಸಿಲಿಂಡರಿನಲ್ಲಿ ಉರಿಯುವ ಅನಿಲದ ಉಷ್ಣತೆಯು ಕ್ಷಣಕಾಲ 2,000 ಸೆಂಟಿಗ್ರೇಡ್ ಡಿಗ್ರಿಯನ್ನು ಮೀರುತ್ತದೆ. ಪಿಸ್ಟನ್ನಿನ ಮುಖ್ಯ ಲೋಹವಾದ ಅಲ್ಯೂಮಿನಿಯಮ್ಮು ಕರಗುವುದು 660 ಡಿಗ್ರಿಯಲ್ಲಿ. ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಕೆಲಸವಾಗಿ, ಮೂರರಲ್ಲೊಂದು ಹೊಗೆಯೊಡನೆ ಹೊರಬಿದ್ದು, ಉಳಿದ ಪಾಲಿನ ಬಹುಭಾಗವನ್ನು ತಂಪುಗೊಳಿಸುವ ನೀರೇ ಒಯ್ಯಬೇಕಾಗುತ್ತದೆ.

ಪ್ರಯಾಣಿಕರೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರೊಂದು 20 ನಿಮಿಷಗಳಲ್ಲಿ 600 ಮೀಟರು ಎತ್ತರವನ್ನು ಏರುವುದೆನ್ನೋಣ. ಆ ತೂಕವನ್ನು ಎತ್ತುವುದಕ್ಕಾಗಿಯೇ ಸುಮಾರು 8 ಅಶ್ವಶಕ್ತಿ ಎಡೆಬಿಡದೆ ಬೇಕು. ಸಮತಲದಲ್ಲಿ ಓಡಲು ಬೇಕಾದ ಶಕ್ತಿಗೆ ಇದು ಅಧಿಕ. ನೀರಿಗೆ ಸೇರುವ ಉಷ್ಣವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಗಾಡಿ ನಿಧಾನವಾಗಿ ಸಾಗುವುದರಿಂದ ರೇಡಿಯೇಟರಿಗೆ ಬೀಸುವ ಗಾಳಿ ಮಾತ್ರ ಕಡಿಮೆ. ತುಕ್ಕು ಕಟ್ಟಿದ ರೇಡಿಯೇಟರು, ಸೋರುವ ರಬ್ಬರು ಕೊಳವೆ, ಅಂಟಿಕೊಂಡ ಥರ್ಮೊಸ್ಟ್ಯಾಟು, ಇವುಗಳಲ್ಲಿ ಯಾವುದೊಂದಿದ್ದರೂ ಇಲ್ಲಿ ಬಯಲಾಗುತ್ತದೆ.

ಅಲ್ಯೂಮಿನಿಯಮ್ಮು ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅತಿಯಾಗಿ ಕಾದಾಗ ಸಿಲಿಂಡರಿನ ತಲೆ ಬಾಗಿ, ಅದರಡಿಯ ಗ್ಯಾಸ್ಕೆಟ್ಟು ಒಡೆಯುತ್ತದೆ. ನೀರು ಎಣ್ಣೆಯೊಳಕ್ಕೆ ನುಗ್ಗುತ್ತದೆ. ಇಲ್ಲೊಂದು ಎಚ್ಚರಿಕೆಯ ಮಾತು: ಉಷ್ಣತೆಯನ್ನು ಅಳೆಯುವ ಸಾಧನವು ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜವನ್ನು ಹೇಳುತ್ತದೆ. ನೀರೆಲ್ಲ ಸೋರಿಹೋದ ಮೇಲೆ ಅದರ ಮುಳ್ಳು ಕೆಳಗಿಳಿಯುವುದೂ ಉಂಟು. ಆದುದರಿಂದ ಮುಳ್ಳು ಏರಿ ಥಟ್ಟನೆ ಇಳಿದರೆ ಅಪಾಯ ಕಳೆಯಿತೆಂದು ಭಾವಿಸಬಾರದು. ಕೂಡಲೆ ಎಂಜಿನನ್ನು ನಿಲ್ಲಿಸಬೇಕು.

ಕೊಳ್ಳುವ ಮುನ್ನ

ದೋಷವು ಅಡಗಿದ್ದರೂ ಗುರುತು ಬಿಡದೆ ಇರುವುದು ಅಪರೂಪ. ಮುಖ್ಯವಾದ ಪರೀಕ್ಷೆಗಳು ಇವು:

ಎಂಜಿನು ಪೂರ್ಣವಾಗಿ ತಣ್ಣಗಿರುವಾಗಲೇ ಅದನ್ನು ಚಾಲೂ ಮಾಡಿಸಬೇಕು. ನೀವು ಹೋಗುವ ವೇಳೆಗೆ ಅದು ಬೆಚ್ಚಗಿದ್ದರೆ ಕಾರಣವನ್ನು ಕೇಳಿರಿ. ತಣ್ಣಗಿರುವಾಗಿನ ಸದ್ದುಗಳು ಆಗ ಕೇಳಿಸುವುದಿಲ್ಲ. ಎಣ್ಣೆಯ ಮುಚ್ಚಳದಡಿ ಹಾಲುಬೆರೆತ ಕಾಫಿಯಂಥ ನೊರೆಯಿದ್ದರೆ ನೀರು ಸೇರಿರುವ ಶಂಕೆಗೆ ಎಡೆಯುಂಟು. ರೇಡಿಯೇಟರಿನ ಮುಚ್ಚಳವನ್ನಾದರೋ ಎಂಜಿನು ತಣ್ಣಗಿರುವಾಗಲ್ಲದೆ ತೆರೆಯಲೇಬಾರದು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದನ್ನೂ, ಎಂಜಿನು ಕಾದ ಮೇಲೂ ನಿಲ್ಲದ ದಟ್ಟವಾದ ಬಿಳಿಯ ಹಬೆ ನೀರು ಸೇರಿರುವುದನ್ನೂ ಸೂಚಿಸುತ್ತವೆ. ಮಂದವಾದ ಎಣ್ಣೆಯನ್ನು ತುಂಬಿ ಸದ್ದನ್ನೂ ಹೊಗೆಯನ್ನೂ ಕೆಲವು ದಿನ ಮರೆಮಾಚುವುದು ಸಾಧ್ಯವಾದುದರಿಂದ, ಕಣ್ಣು ಕಿವಿಗಳನ್ನೇ ನೆಚ್ಚಬಾರದು. ಪ್ರತಿ ಸಿಲಿಂಡರಿನ ಸಂಪೀಡನವನ್ನೂ ಮಾಪಕದಿಂದ ಅಳೆಯಿಸಬೇಕು. ಒಂದರ ಅಳತೆ ಉಳಿದವುಗಳಿಗಿಂತ ಬಹಳ ಕಡಿಮೆಯಿದ್ದರೆ ಅಲ್ಲಿ ರಿಂಗುಗಳೋ, ವಾಲ್ವುಗಳೋ, ಗ್ಯಾಸ್ಕೆಟ್ಟೋ ಕೆಟ್ಟಿದೆ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಸಂಕೇತಗಳನ್ನೂ ಓದಿಸಬೇಕು. ಟೈಮಿಂಗ್ ಬೆಲ್ಟ್ ಇರುವ ಎಂಜಿನಾದರೆ ಅದನ್ನು ಬದಲಿಸಿದ ರಸೀತಿಯನ್ನು ಕೇಳಬೇಕು. ಆ ಪಟ್ಟಿ ಹರಿದರೆ ಅನೇಕ ಎಂಜಿನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಕೊನೆಯದಾಗಿ, ಅರ್ಧ ಗಂಟೆಯಾದರೂ, ಏರಿರುವ ರಸ್ತೆಯಲ್ಲಿ ಓಡಿಸಿ ನೋಡಬೇಕು.

ಇವೆಲ್ಲವನ್ನೂ ವ್ಯಾಪಾರಿಗೆ ಸಂಬಂಧಪಡದ ಮೆಕ್ಯಾನಿಕನಿಂದ ಮಾಡಿಸುವುದೇ ಲೇಸು.

ನಿಂಬೆಹಣ್ಣಿನ ಸಿದ್ಧಾಂತ

ಈ ವ್ಯಾಪಾರದಲ್ಲಿ ಅರ್ಥಶಾಸ್ತ್ರಜ್ಞರಿಗೂ ಆಸಕ್ತಿಯುಂಟು. ಅಮೆರಿಕದಲ್ಲಿ ಕೆಟ್ಟ ಕಾರನ್ನು ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುವರು. ಜಾರ್ಜ್ ಅಕರ್ಲಾಫ್ 1970ರಲ್ಲಿ ಈ ನಿಂಬೆಹಣ್ಣುಗಳ ಮಾರುಕಟ್ಟೆಯನ್ನು ಕುರಿತು ಲೇಖನವನ್ನು ಪ್ರಕಟಿಸಿದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಇಬ್ಬರೊಡನೆ ಹಂಚಿಕೊಂಡರು. ಅವರ ವಾದದ ತಿರುಳಿಷ್ಟು: ಒಳ್ಳೆಯ ಕಾರಿಗೆ 4 ಲಕ್ಷ, ಕೆಟ್ಟದಕ್ಕೆ 2 ಲಕ್ಷ ರೂಪಾಯಿ ಬೆಲೆಯೆನ್ನೋಣ. ಯಾವುದು ಎಂಥದೆಂದು ತಿಳಿಯದ ಗ್ರಾಹಕನು 3 ಲಕ್ಷಕ್ಕೆ ಕೇಳುತ್ತಾನೆ. ಒಳ್ಳೆಯ ಕಾರಿನ ಒಡೆಯನು ಆ ಬೆಲೆಗೆ ಒಪ್ಪದೆ ಹಿಂದೆ ಸರಿಯುತ್ತಾನೆ. ಸಂತೆಯಲ್ಲಿ ಕೆಟ್ಟವುಗಳ ಪ್ರಮಾಣ ಹೆಚ್ಚುತ್ತದೆ. ಹೀಗೆ ತಿಳಿವಳಿಕೆಯ ಅಸಮತೆಯು ಗ್ರಾಹಕನನ್ನಷ್ಟೇ ಅಲ್ಲ, ಪ್ರಾಮಾಣಿಕ ಮಾರಾಟಗಾರನನ್ನೂ ನಷ್ಟಕ್ಕೆ ಗುರಿಮಾಡುತ್ತದೆ. ಇದಕ್ಕೆ ಪರಿಹಾರಗಳು ಎರಡು: ಪರೀಕ್ಷೆ ಮತ್ತು ಬರವಣಿಗೆಯಲ್ಲಿ ಕೊಟ್ಟ ಖಾತರಿ.

ಕೈಕೊಟ್ಟ ಮೇಲೆ

ಎಂಜಿನು ಕೆಟ್ಟ ಮೇಲೆ ಗ್ರಾಹಕನು ನಿರುಪಾಯನಲ್ಲ. ವ್ಯಾಪಾರಿಯಿಂದ ಕೊಂಡ ಸರಕಿನ ಗುಣವನ್ನು ಕುರಿತು 1930ರ ಸರಕು ಮಾರಾಟ ಕಾಯಿದೆಯೂ, ದೂರು ಕೊಡುವ ಹಕ್ಕನ್ನು ಕುರಿತು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ವಿಧಿಗಳನ್ನು ಹೊಂದಿವೆ. ದೂರಿಗೆ ಕಾರಣ ಒದಗಿದ ದಿನದಿಂದ ಎರಡು ವರ್ಷಗಳೊಳಗೆ ಗ್ರಾಹಕ ಆಯೋಗದ ಮೊರೆಹೋಗಬಹುದು. ಆದರೆ ಕೊಳ್ಳುವಾಗ ಗ್ರಾಹಕನು ತಾನೇ ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ 1930ರ ಕಾಯಿದೆಯ ಈ ರಕ್ಷಣೆ ದೊರೆಯದು. ಆದುದರಿಂದ ಅರೆಬರೆಯಾಗಿ ನೋಡುವುದು ಅವಿವೇಕ.

ಇಲ್ಲಿಯೂ ವಿಜ್ಞಾನದ ವಿಧಾನವೇ ನೆರವಿಗೆ ಬರುತ್ತದೆ. ದೋಷವು ಮಾರಾಟದ ದಿನವೇ ಇದ್ದಿತೆಂಬುದಕ್ಕೆ ಸಾಕ್ಷಿ ಎಂಜಿನಿನೊಳಗೇ ಇದೆ. ಜಾಲರಿಯಲ್ಲಿ ಹೆಪ್ಪುಗಟ್ಟಿದ ಜಿಡ್ಡು ಮೂರು ವಾರಗಳಲ್ಲಿ ಬೆಳೆಯುವಂಥದಲ್ಲ. ರೇಡಿಯೇಟರಿನ ದಪ್ಪ ತುಕ್ಕೂ ಅಂಥದೇ. ಆದುದರಿಂದ ಎಂಜಿನನ್ನು ಅವಸರದಿಂದ ಬಿಚ್ಚಿಸಬಾರದು. ಮೊದಲು ವ್ಯಾಪಾರಿಗೆ ಬರವಣಿಗೆಯಲ್ಲಿ ತಿಳಿಸಿ, ಬಿಚ್ಚುವಾಗ ಹಂತಹಂತವಾಗಿ ಛಾಯಾಚಿತ್ರ ತೆಗೆಸಿ, ಕೆಟ್ಟ ಭಾಗಗಳನ್ನೂ ಎಣ್ಣೆಯ ಮಾದರಿಯನ್ನೂ ಕಾದಿರಿಸಿ, ಮೆಕ್ಯಾನಿಕನ ಅಭಿಪ್ರಾಯವನ್ನು ಸಹಿಯೊಡನೆ ಪಡೆಯಬೇಕು.

ನಮ್ಮ ಗೃಹಸ್ಥರ ಕಾರು ಶಿರಾಡಿಯಲ್ಲಿ ಕೆಟ್ಟುದಲ್ಲ. ಕೆಟ್ಟಿದ್ದುದು ಅಲ್ಲಿ ಕಾಣಿಸಿಕೊಂಡಿತು, ಅಷ್ಟೆ. ತಣ್ಣಗಿನ ಎಂಜಿನಿನ ಮುಂದೆ ಕಳೆದ ಒಂದು ಬೆಳಗು, ಮೆಕ್ಯಾನಿಕನಿಗೆ ಕೊಟ್ಟ ಅಲ್ಪ ಸಂಭಾವನೆ, ಇವಿಷ್ಟು ಅವರ ಹಲವು ವರ್ಷಗಳ ಉಳಿತಾಯವನ್ನು ಕಾಪಾಡಬಹುದಾಗಿತ್ತು.